ಸೇತುವೆಯ ಫಲಕದಲ್ಲಿರುವ ತೂಕ ಯಾವುದರ ತೂಕ?

(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ಸಂಘಗಳ ಕಾರ್ಯದರ್ಶಿಗಳು ಮತ್ತು ಹಾಲು, ಪಶು ಆಹಾರ ಸಾಗಿಸುವ ವಾಹನ ಚಾಲಕರ ಸಭೆಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣ)



ದನದ ಡಾಕ್ಟರರಿಗೆ ರಸ್ತೆಯ ಫಲಕದ ಉಸಾಬರಿ ಯಾಕೆ ಎಂದು ನಿಮಗೆ ಅನ್ನಿಸಬಹುದು. ಕೆಚ್ಚಲು ಬಾವು, ಜಂತುಹುಳು, ಹಸಿರು ಮೇವು ಇವು ನನ್ನ ದಿನನಿತ್ಯದ ವಿಷಯಗಳು. ಆದರೆ ಹಾಲು ಡೇರಿಯಿಂದ ಹೊರಡಬೇಕಾದರೂ, ಹಿಂಡಿ ಊರಿಗೆ ಬರಬೇಕಾದರೂ ನಮ್ಮ ಕಡೆ ತೋಡು, ಹೊಳೆ ದಾಟದೆ ಗತಿಯಿಲ್ಲ. ಈ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ಮಳೆಗಾಲದಲ್ಲಿ ಪಶು ಆಹಾರದ ಲಾರಿಯಲ್ಲಿ ನಾನೂ ಕುಳಿತು ಒಂದು ಸಂಘಕ್ಕೆ ಹೊರಟಿದ್ದೆ. 50 ಕಿಲೋದ 80 ಚೀಲಗಳಿದ್ದವು, ಅಂದರೆ 4 ಟನ್. ಹೊಳೆಯ ಸೇತುವೆಯ ಬಳಿ 5 ಟನ್ ಎಂಬ ಫಲಕವಿತ್ತು. "ನಮ್ಮದು ನಾಲ್ಕೇ ಟನ್ ಅಲ್ಲವೇ, ಹೋಗೋಣ" ಎಂದೆ. ಚಾಲಕ ಇಂಜಿನ್ ಬಂದ್ ಮಾಡಿ ಆರ್.ಸಿ. ತೆಗೆದು ತೋರಿಸಿದರು. ಖಾಲಿ ಲಾರಿಯೇ ಮೂರು ಟನ್ನಿಗಿಂತ ಮೇಲೆ. "ಸರ್, ಸೇತುವೆಯ ಮೇಲೆ ಚೀಲ ಮಾತ್ರ ಹಾರಿ ಹೋಗುತ್ತದೆಯೇ? ಲಾರಿಯೂ ಹೋಗಬೇಕಲ್ಲ" ಎಂದರು. ಓದಿದ ನಾನು ತಲೆ ತಗ್ಗಿಸಬೇಕಾಯಿತು. ಕೊನೆಗೆ ಪಿಕಪ್ ತರಿಸಿ, ಒಮ್ಮೆಗೆ 24 ಚೀಲದಂತೆ ನಾಲ್ಕು ಸಲ ದಾಟಿಸಿದೆವು. ಎರಡು ಗಂಟೆ ತಡವಾಯಿತು, ಅಷ್ಟೇ.

ನಾನು ಇಂದು ಹೇಳಬೇಕಾದ ಮುಖ್ಯ ಮಾತು ಇದೇ. ಫಲಕದಲ್ಲಿರುವ ಅಂಕೆ ಹೊರೆಯ ತೂಕವಲ್ಲ. ವಾಹನ, ಚಾಲಕ, ಸಹಾಯಕ, ಡೀಸೆಲ್, ಸರಕು ಎಲ್ಲವೂ ಸೇರಿದ ಒಟ್ಟು ತೂಕ.

ಫಲಕವನ್ನು ಗುರುತಿಸುವುದು ಕಷ್ಟವಲ್ಲ. ತ್ರಿಕೋನದ ಫಲಕ ಎಚ್ಚರಿಕೆ ಹೇಳುತ್ತದೆ. ಕೆಂಪು ವೃತ್ತದ ಫಲಕ ಆಜ್ಞೆ, ಅದನ್ನು ಮೀರಿದರೆ ಅಪರಾಧ. ಕೆಂಪು ವೃತ್ತದೊಳಗೆ ಬರೀ ಟನ್ನಿನ ಅಂಕೆ ಇದ್ದರೆ ಅದು ಒಟ್ಟು ತೂಕದ ಮಿತಿ. ಅಂಕೆಯ ಜೊತೆ ಎರಡು ಚಕ್ರ ಮತ್ತು ನಡುವೆ ಅಚ್ಚಿನ ಚಿತ್ರ ಇದ್ದರೆ ಅದು ಒಂದು ಆಕ್ಸಲ್ ಮೇಲೆ ಬೀಳಬಹುದಾದ ತೂಕದ ಮಿತಿ. ಸರಕು ಹಿಂದುಗಡೆ ತುಂಬಿದಾಗ ಹಿಂದಿನ ಆಕ್ಸಲ್ ಹೆಚ್ಚು ಹೊರುತ್ತದೆ ಎಂಬುದನ್ನು ನೆನಪಿಡಿ. ಅಂಕೆಯ ಮೇಲೆ ಕೆಳಗೆ ಸಣ್ಣ ತ್ರಿಕೋನಗಳಿದ್ದರೆ ಎತ್ತರದ ಮಿತಿ, ಎಡಬಲಗಳಲ್ಲಿದ್ದರೆ ಅಗಲದ ಮಿತಿ. ಇವನ್ನು ತೂಕದ ಮಿತಿ ಎಂದು ತಿಳಿಯಬಾರದು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಹಾಲು ನೀರಿಗಿಂತ ಭಾರ; ಒಂದು ಲೀಟರ್ ಸುಮಾರು 1.03 ಕಿಲೋ ತೂಗುತ್ತದೆ. 40 ಲೀಟರಿನ ಕ್ಯಾನಿನಲ್ಲಿ ಹಾಲೇ 41 ಕಿಲೋ, ಕ್ಯಾನಿನ ತೂಕ ಬೇರೆ. 5,000 ಲೀಟರ್ ಟ್ಯಾಂಕರಿನಲ್ಲಿ ಹಾಲಿನ ತೂಕವೇ 5,150 ಕಿಲೋ. 5 ಟನ್ನಿನ ಸೇತುವೆಗೆ ವಾಹನವಿಲ್ಲದೆ ಹಾಲು ಮಾತ್ರವೇ ಜಾಸ್ತಿಯಾಯಿತು! ಮಿಶ್ರತಳಿ ಹಸು ಒಂದಕ್ಕೆ 400 ಕಿಲೋ ಹಿಡಿದರೆ ಎರಡು ಹಸುಗಳಿಗೆ 800 ಕಿಲೋ. ಖಾಲಿ ವಾಹನದ ತೂಕ ಆರ್.ಸಿ.ಯಲ್ಲೇ ಇರುತ್ತದೆ. ಅದಕ್ಕೆ ಸರಕನ್ನು ಕೂಡಿಸುವುದು ಶಾಲೆಯ ಮಕ್ಕಳಿಗೂ ಬರುವ ಲೆಕ್ಕ.

"ನಮ್ಮ ಲಾರಿಗೆ ಇಷ್ಟು ಟನ್ ಪಾಸಾಗಿದೆ" ಎಂದು ಕೆಲವರು ವಾದಿಸುತ್ತಾರೆ. 2018ರಲ್ಲಿ ಕೇಂದ್ರ ಸರಕಾರ ಎರಡು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು, ನಿಜ. ಆದರೆ ಅದು ಲಾರಿಗೆ ಕೊಟ್ಟ ಅನುಮತಿ. ಹಳೆಯ ಸೇತುವೆಯ ಕಲ್ಲು, ಕಬ್ಬಿಣ ಆ ಆದೇಶವನ್ನು ಓದಿಲ್ಲ. ಎರಡು ಮಿತಿಗಳಲ್ಲಿ ಯಾವುದು ಕಡಿಮೆಯೋ ಅದೇ ನಮ್ಮ ಮಿತಿ. ಮಿತಿಮೀರಿ ಹೊತ್ತರೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ಇದೆ.

ದಂಡಕ್ಕಿಂತ ದೊಡ್ಡ ನಷ್ಟವನ್ನು ನಾವೇ ಕಂಡಿದ್ದೇವೆ. ಬಂಟ್ವಾಳ ತಾಲೂಕಿನ ಮೂಲರಪಟ್ನದಲ್ಲಿ ಫಲ್ಗುಣಿ ನದಿಯ ಸೇತುವೆ 2018ರ ಜೂನ್‌ನಲ್ಲಿ ಕುಸಿಯಿತು. ಹೊಳೆಯ ಮರಳು ತೆಗೆದದ್ದೇ ಕಾರಣ ಎಂಬ ದೂರು ಎದ್ದಿತು. ಕಾರಣ ಏನೇ ಇರಲಿ, ಎರಡು ದಡದವರೂ ಬಹುಕಾಲ ಸುತ್ತುದಾರಿ ಹಿಡಿಯಬೇಕಾಯಿತು. ಮೇಲಿನ ಡಾಮರು ಚೆಂದವಿದ್ದರೂ ಕೆಳಗಿನ ಕಂಬದ ಸ್ಥಿತಿ ಚಾಲಕನ ಕಣ್ಣಿಗೆ ಕಾಣುವುದಿಲ್ಲ. ಅದನ್ನು ನೋಡಿದವರು ಫಲಕ ಹಾಕುತ್ತಾರೆ. ಪೊಳಲಿ–ಅಡ್ಡೂರು ಸೇತುವೆಯಲ್ಲಿ 2024ರಲ್ಲಿ ಘನ ವಾಹನಗಳನ್ನು ನಿಷೇಧಿಸಿದಾಗ ನಮಗೆ ಸಿಟ್ಟು ಬಂದದ್ದು ಸಹಜ. ಆದರೆ ಅದೇ ಆಗಸ್ಟ್‌ನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿದ್ದಿತು. ಚಾಲಕ ಬದುಕಿದ್ದೇ ಭಾಗ್ಯ. ಮೂಡುಬಿದಿರೆ ದಾರಿಯ ಗುರುಪುರದಲ್ಲಿ ಹಳೆಯ ಸೇತುವೆಗೆ ಬದಲಾಗಿ 2020ರಲ್ಲಿ ಹೊಸದು ತೆರೆಯಿತು. ಎಲ್ಲ ಕಡೆಗೂ ಹೊಸದು ಬರುವ ತನಕ ಹಳೆಯದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಇನ್ನೊಂದು ಎಚ್ಚರಿಕೆ. ಫಲಕ ಇಲ್ಲ ಎಂದರೆ ಸೇತುವೆ ಗಟ್ಟಿ ಎಂದು ಅರ್ಥವಲ್ಲ. ನಮ್ಮ ಒಳರಸ್ತೆಯ ಎಷ್ಟೋ ಮೋರಿಗಳಿಗೆ ಫಲಕವೇ ಇಲ್ಲ. 2019ರ ಆಗಸ್ಟ್ ನೆರೆಯಲ್ಲಿ ಬೆಳ್ತಂಗಡಿ ತಾಲೂಕಿನ ಹಲವು ಕಿರುಸೇತುವೆಗಳು ಹಾಳಾದದ್ದು ನಿಮಗೆ ಗೊತ್ತು. ನೆರೆ ಇಳಿದ ಮೇಲೆ ದೊಡ್ಡ ವಾಹನ ದಾಟಿಸುವ ಮೊದಲು ಪಂಚಾಯತಿನವರಲ್ಲಿ, ಇಂಜಿನಿಯರರಲ್ಲಿ ಕೇಳಿ.

ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ ಮೂರು. ಒಂದು, ಡೇರಿಯ ಗೋಡೆಯಲ್ಲಿ ಹಾಲಿನ ದರಪಟ್ಟಿಯ ಪಕ್ಕದಲ್ಲೇ ನಿಮ್ಮ ಮಾರ್ಗದ ಸೇತುವೆಗಳ ಮಿತಿಯನ್ನು ಬರೆದಿಡಿ. ಎರಡು, ಪಶು ಆಹಾರಕ್ಕೆ ಬೇಡಿಕೆ ಕಳುಹಿಸುವಾಗಲೇ ಎಷ್ಟು ದೊಡ್ಡ ವಾಹನ ಬರಬಹುದು ಎಂದು ತಿಳಿಸಿ. ಮೂರು, ಬಳ್ಳಿ ಮುಚ್ಚಿದ ಫಲಕವನ್ನು ಬಿಡಿಸಿ, ಬಿದ್ದಿದ್ದರೆ ಪಂಚಾಯತಿಗೆ ಅರ್ಜಿ ಕೊಡಿ.

ಸದಸ್ಯರಲ್ಲಿ ಒಂದೇ ವಿನಂತಿ. ಸೇತುವೆಯ ಬಳಿ ವಾಹನ ನಿಲ್ಲಿಸಿದ ಚಾಲಕನನ್ನು "ಹೆದರುಪುಕ್ಕಲ" ಎಂದು ಗೇಲಿ ಮಾಡಬೇಡಿ. ಹಿಂಡಿ ಎರಡು ಗಂಟೆ ತಡವಾಗಿ ಬಂದರೆ ಹಸು ಕಾಯುತ್ತದೆ. ಸೇತುವೆ ಹೋದರೆ ಊರಿಡೀ ವರ್ಷಗಟ್ಟಲೆ ಕಾಯಬೇಕು.