ನಮ್ಮೂರಿಗೆ ಬಾರದ ಚಿತ್ರಗಳು



ಅಂಚೆಟ್ಟಿಯಿಂದ ಹೊಗೇನಕಲ್ಲಿಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನಲ್ಲಿ ನಾಲ್ಕು ಜನ ಸೇರಿದರೆ ಸಿನಿಮಾ ಮಾತು ಬಂದೇ ಬರುತ್ತದೆ. ಒಬ್ಬರು ರಾಜ್‌ಕುಮಾರ್ ಅಂದರೆ ಇನ್ನೊಬ್ಬರು ಎಂ.ಜಿ.ಆರ್. ಅನ್ನುತ್ತಾರೆ. ಎರಡು ಭಾಷೆ ಬಲ್ಲ ನಮಗೆ ಇಬ್ಬರೂ ಬೇಕು. ರಾಜ್‌ಕುಮಾರರ ಗಾಜನೂರು ಕೂಡ ತಮಿಳುನಾಡಿನ ತಾಳವಾಡಿ ಸೀಮೆಯದೇ ಅಲ್ಲವೇ? ಆದರೆ ಇವತ್ತು ನಾನು ಹೇಳುವುದು ನಮ್ಮೂರ ಕಡೆಯ ಟೆಂಟಿನಲ್ಲಿ ನಾನು ಎಂದೂ ಕಾಣದ ಎರಡು ಕನ್ನಡ ಚಿತ್ರಗಳ ವಿಷಯ.

ಮೊದಲನೆಯದು 1977ರ 'ಕೋಕಿಲ'. ಕಮಲ್ ಹಾಸನ್, ಶೋಭಾ ಅಭಿನಯ. ಸಲಿಲ್ ಚೌಧರಿಯವರ ಸಂಗೀತ. ನಿರ್ದೇಶಕ ಬಾಲು ಮಹೇಂದ್ರ. 'ಮೂನ್ರಾಂ ಪಿರೈ' ಚಿತ್ರವನ್ನು ನಮ್ಮಲ್ಲಿ ನೋಡದವರು ಕಡಿಮೆ. ಅದನ್ನು ಮಾಡಿದ ಇವರೇ ಮೊಟ್ಟಮೊದಲು ನಿರ್ದೇಶಿಸಿದ್ದು ಕನ್ನಡ ಚಿತ್ರ ಎಂದರೆ ಇಂದಿಗೂ ಹಲವರು ನಂಬುವುದಿಲ್ಲ. ಕಪ್ಪು ಬಿಳುಪಿನ ಆ ಚಿತ್ರದ ಛಾಯಾಗ್ರಹಣಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಕಿಟಕಿಯಿಂದ ಬರುವ ಬೆಳಕನ್ನು ನೋಡುವುದಕ್ಕಾದರೂ ಅದನ್ನು ಒಮ್ಮೆ ನೋಡಬೇಕು.

ಎರಡನೆಯದು ಗಿರೀಶ ಕಾಸರವಳ್ಳಿಯವರ 'ತಬರನ ಕಥೆ'. ಕಥೆ ಪೂರ್ಣಚಂದ್ರ ತೇಜಸ್ವಿಯವರದು. 1986ರ ಸಾಲಿನ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ತಬರನಾದವರು ಕಮಲ್ ಹಾಸನ್ ಅವರ ಅಣ್ಣ, ವಕೀಲ ಚಾರುಹಾಸನ್. ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು. ತಮಿಳಿನವರೊಬ್ಬರು ಕನ್ನಡದ ಬಡ ಜವಾನನಾಗಿ ದೇಶದ ಮುಂದೆ ನಿಂತರು. ಇದು ನಮ್ಮಂಥ ಗಡಿಯವರು ಹೆಮ್ಮೆಪಡುವ ಸಂಗತಿ.

ತಬರ ನಿವೃತ್ತನಾದ ಮೇಲೆ ಪಿಂಚಣಿಗಾಗಿ ಕಚೇರಿಗಳಿಗೆ ಅಲೆಯುತ್ತಾನೆ. ಹಳೆಯ ವಸೂಲಿ ಲೆಕ್ಕದಲ್ಲಿ ಏನೋ ತೊಡಕು. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುವುದಿಲ್ಲ. ಹೋದಲ್ಲೆಲ್ಲ ಒಂದೇ ಉತ್ತರ: ನಾಳೆ ಬಾ. ಹಣ ಬರುವ ಹೊತ್ತಿಗೆ ಆಕೆ ಉಳಿದಿರುವುದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಟಿ.ವಿ.ಯಲ್ಲಿ ನಾನಿದನ್ನು ನೋಡಿದೆ. ಆಗ ನಾನು ಬ್ಯಾಂಕಿನಲ್ಲಿ ಗುಮಾಸ್ತ. ಚಿತ್ರದಲ್ಲಿ ಯಾರೂ ಕೆಟ್ಟವರಲ್ಲ, ಎಲ್ಲರೂ ನಿಯಮವನ್ನೇ ಹೇಳುತ್ತಾರೆ. ಅದೇ ನನ್ನನ್ನು ಚುಚ್ಚಿತು. ಆ ತಿಂಗಳು ನಮ್ಮ ಕೌಂಟರಿಗೆ ಕಾಡಂಚಿನ ಊರಿನಿಂದ ಒಬ್ಬ ಅಜ್ಜ ಬರುತ್ತಿದ್ದರು. ಕೈ ನಡುಗಿ ರುಜು ತಾಳೆಯಾಗುತ್ತಿರಲಿಲ್ಲ. ಮೂರು ಸಲ ನಾನೇ ಅವರನ್ನು ವಾಪಸು ಕಳಿಸಿದ್ದೆ. ಒಮ್ಮೆ ಕನ್ನಡದಲ್ಲಿ ಹೇಳಿದ್ದೆ, ಎರಡು ಸಲ ತಮಿಳಿನಲ್ಲಿ. ಯಾವ ಭಾಷೆಯಲ್ಲಿ ಹೇಳಿದರೂ 'ನಾಳೆ ಬಾ' ಎಂಬುದು ಒಂದೇ ತಾನೇ?

ಮುಂದಿನ ಸಲ ಅಜ್ಜ ಬಂದಾಗ ಅವರನ್ನು ಕೂರಿಸಿ, ಕಾಗದ ಹಿಡಿದು ಮ್ಯಾನೇಜರರ ಬಳಿ ನಾನೇ ಹೋದೆ. ಸಾಕ್ಷಿಯೊಂದಿಗೆ ಹೆಬ್ಬೆಟ್ಟು ಒತ್ತಿಸಿ ಕೆಲಸ ಮುಗಿಸಿದೆವು. ಹತ್ತು ನಿಮಿಷವೂ ಹಿಡಿಯಲಿಲ್ಲ. ಆ ಹತ್ತು ನಿಮಿಷ ಮೊದಲ ಮೂರು ಸಲ ನನ್ನಲ್ಲಿ ಇರಲಿಲ್ಲವೇ? ಇತ್ತು. ನಾನು ಕೊಟ್ಟಿರಲಿಲ್ಲ, ಅಷ್ಟೆ.

ಈಗ ನಾನೂ ಪಿಂಚಣಿದಾರ, ಕೌಂಟರಿನ ಈಚೆ ನಿಲ್ಲುವವನು. ಸರದಿಯಲ್ಲಿ ನಿಂತಾಗಲೆಲ್ಲ ತಬರ ನೆನಪಾಗುತ್ತಾನೆ.

ಹಾಡು, ಹೊಡೆದಾಟದ ಚಿತ್ರಗಳು ಬೇಡವೆಂದು ನಾನು ಹೇಳುವುದಿಲ್ಲ. ನಾನೂ ಟೆಂಟಿನ ಮಣ್ಣಿನ ಮೇಲೆ ಕೂತು ಸೀಟಿ ಹೊಡೆದವನೇ. ಆದರೆ ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಇರುವ ಈ ಕಾಲದಲ್ಲಿ, ಒಂದು ಸಂಜೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು 'ತಬರನ ಕಥೆ' ಹುಡುಕಿಸಿ ನೋಡಿ. ನಿಮ್ಮ ಮನಸ್ಸಿನಲ್ಲಿ ಉಳಿದ, ಊರು ಮರೆತ ಚಿತ್ರ ಯಾವುದಾದರೂ ಇದ್ದರೆ, ಕನ್ನಡದ್ದಾಗಲಿ ತಮಿಳಿನದ್ದಾಗಲಿ, ಅದನ್ನು ನಾಲ್ಕು ಜನರಿಗೆ ಹೇಳಿ.