ವಿಮಾನಕ್ಕೂ ಬೇಕು ಒಂದು ಸಹಿ

ಹೆಬ್ಬೆಟ್ಟು ಬಿಟ್ಟು ನೀವೀಗ ಸಹಿ ಹಾಕುತ್ತೀರಿ. ಓದಿ ನೋಡಿ ಸಹಿ ಹಾಕಿ ಅಂತ ನಾವು ದಿನಾ ಹೇಳ್ತೇವೆ. ಇವತ್ತು ಒಂದು ದೊಡ್ಡ ಸಹಿಯ ವಿಷಯ ಹೇಳ್ತೀನಿ, ಕೇಳಿ.

ವಿಮಾನ ಓಡಿಸುವವರು ಪೈಲಟ್. ಆದರೆ ರಿಪೇರಿಯಾದ ವಿಮಾನವನ್ನು ಅವರು ಸುಮ್ಮನೆ ಹಾರಿಸುವ ಹಾಗಿಲ್ಲ. ಕೆಲಸ ಸರಿಯಾಗಿದೆ, ಇದು ಹಾರಬಹುದು ಎಂದು ಒಬ್ಬರು ಸಹಿ ಹಾಕಬೇಕು. ಅವರೇ ಲೈಸೆನ್ಸ್ ಪಡೆದ ವಿಮಾನ ನಿರ್ವಹಣಾ ಇಂಜಿನಿಯರ್.

ಇಂಜಿನ್, ಚಕ್ರ, ಬ್ರೇಕು, ವೈರು ಎಲ್ಲವನ್ನೂ ಇವರು ಪರೀಕ್ಷಿಸುತ್ತಾರೆ. ಎಲ್ಲಿಗೆ ಯಾವ ಬೋಲ್ಟು, ಎಷ್ಟು ಬಿಗಿ ಎಂಬುದು ಪುಸ್ತಕದಲ್ಲಿದೆ. ಅದನ್ನು ಓದಿಯೇ ಕೆಲಸ ಮಾಡಬೇಕು. ಕೆಲಸ ಮುಗಿದ ಮೇಲೆ ಸ್ಪ್ಯಾನರುಗಳನ್ನು ಎಣಿಸಬೇಕು. ಒಂದು ಕಡಿಮೆಯಾದರೂ ಹುಡುಕಲೇಬೇಕು.

ಓದದಿದ್ದರೆ ಏನಾಗುತ್ತೆ? 1990ರ ಜೂನ್ 10ರಂದು ಇಂಗ್ಲೆಂಡಿನಲ್ಲಿ ಒಂದು ವಿಮಾನ ಹಾರಿತು. ಅದರ ಮುಂದಿನ ಗಾಜನ್ನು ಆಗ ತಾನೇ ಬದಲಿಸಿದ್ದರು. ಬದಲಿಸಿದವನು ಪುಸ್ತಕದಲ್ಲಿ ನಂಬರು ನೋಡಲಿಲ್ಲ. ಕಣ್ಣಳತೆಯಲ್ಲೇ ಬೋಲ್ಟು ಆರಿಸಿದ. 90 ಬೋಲ್ಟುಗಳಲ್ಲಿ 84 ಸಣ್ಣವಾಗಿದ್ದವು. ಆಕಾಶದಲ್ಲಿ ಗಾಜು ಕಿತ್ತುಹೋಯಿತು. ಪೈಲಟ್ ಅರ್ಧ ಮೈ ಹೊರಗೆ! ಜೊತೆಯವರು ಕಾಲು ಹಿಡಿದುಕೊಂಡರು. ಇನ್ನೊಬ್ಬ ಪೈಲಟ್ ವಿಮಾನ ಇಳಿಸಿದ. ಪುಣ್ಯಕ್ಕೆ ಎಲ್ಲರೂ ಬದುಕಿದರು. ಓದಿನ ಬೆಲೆ ಎಷ್ಟು ಅಂತ ತಿಳೀತಾ?

ಈ ಕೆಲಸ ಹೆಣ್ಣುಮಕ್ಕಳಿಗೆ ಆಗುತ್ತದೆಯೇ? ಆಗುತ್ತದೆ. ನಮ್ಮ ದೇಶದಲ್ಲಿ ಹೆಂಗಸರು ಮಾಡುತ್ತಲೂ ಇದ್ದಾರೆ.

ದಾರಿ ಹೀಗಿದೆ. ಹತ್ತನೇ ತರಗತಿ ಆದಮೇಲೆ ಪಿಯುಸಿಯಲ್ಲಿ ಫಿಸಿಕ್ಸು, ಕೆಮಿಸ್ಟ್ರಿ, ಗಣಿತ ಓದಬೇಕು. ಆಮೇಲೆ ವಿಮಾನ ನಿರ್ವಹಣೆಯ ತರಬೇತಿ ಶಾಲೆಗೆ ಸೇರಬೇಕು. ಡಿಜಿಸಿಎ ಎಂಬ ಕೇಂದ್ರ ಸರ್ಕಾರದ ಇಲಾಖೆ ಪರೀಕ್ಷೆ ನಡೆಸುತ್ತದೆ. ಇಲ್ಲಿ 35 ಅಂಕ ಸಾಲದು, ನೂರಕ್ಕೆ 75 ಬರಬೇಕು. ನಿಜವಾದ ವಿಮಾನಗಳ ಮೇಲೆ ಕೆಲಸ ಮಾಡಿದ ಅನುಭವವೂ ಬೇಕು. ಆಗ ಲೈಸೆನ್ಸ್. ದೊಡ್ಡ ವಿಮಾನಕ್ಕೆ ಸಹಿ ಹಾಕಲು ಆ ಮಾದರಿಯ ತರಬೇತಿ ಬೇರೆ ಆಗಬೇಕು.

ಒಂದು ಎಚ್ಚರಿಕೆ. ಈ ಓದಿಗೆ ಫೀಸು ಜಾಸ್ತಿ. ಶಾಲೆಗೆ ಡಿಜಿಸಿಎ ಒಪ್ಪಿಗೆ ಇದೆಯೇ ಎಂದು ಮೊದಲು ಕೇಳಿ, ಆಮೇಲೆ ದುಡ್ಡು ಕಟ್ಟಿ. ಶಾಲೆ ಕೊಡುವ ಸರ್ಟಿಫಿಕೇಟು ಲೈಸೆನ್ಸ್ ಅಲ್ಲ. ಲೈಸೆನ್ಸ್ ಕೊಡುವುದು ಡಿಜಿಸಿಎ ಮಾತ್ರ.

ತಾಯಂದಿರೇ, ಹತ್ತನೇ ಕ್ಲಾಸಿಗೆ ಮಗಳ ಓದು ನಿಲ್ಲಿಸಬೇಡಿ. ಗಣಿತ ಗಂಡುಮಕ್ಕಳಿಗೆ ಮಾತ್ರ ಅನ್ನಬೇಡಿ. ಸೈಕಲ್ ಚೈನು ಬಿಚ್ಚಿ ಕೂತರೆ ಬೈಯಬೇಡಿ. ಅವಳ ಸಹಿಯನ್ನು ನಂಬಿ ನಾಳೆ ನೂರಾರು ಜನ ವಿಮಾನ ಹತ್ತಬಹುದು.