ಗೆರ್ಗೆತಿಯ ಕಲ್ಲಿನ ದೇವಾಲಯ



ನೂರು ವರ್ಷ ತುಂಬಿದ ನಮ್ಮ ದೇವಾಲಯದಲ್ಲಿ ನಿಂತು ದೂರದ ಮತ್ತೊಂದು ದೇವಾಲಯದ ವಿಷಯ ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ. ಕಾಕಸಸ್ ಪರ್ವತಗಳ ಜಾರ್ಜಿಯಾ ದೇಶದಲ್ಲಿ, ಗೆರ್ಗೆತಿ ಎಂಬ ಹಳ್ಳಿಯ ಮೇಲಣ ಗುಡ್ಡದಲ್ಲಿ, 2,170 ಮೀಟರ್ ಎತ್ತರದಲ್ಲಿ, 14ನೇ ಶತಮಾನದ ಕಲ್ಲಿನ ದೇವಾಲಯವೊಂದಿದೆ. ಪರಮ ತ್ರಿತ್ವಕ್ಕೆ ಅರ್ಪಿತವಾದುದು. ಆರ್ಥೊಡಾಕ್ಸ್ ಧರ್ಮಸಭೆಗೆ ಸೇರಿದುದು. ಪಕ್ಕದಲ್ಲಿ ಬೇರೆಯಾಗಿ ನಿಂತ ಗಂಟೆಗೋಪುರ, ಹಿಂದೆ ಹಿಮ ಹೊತ್ತ ಕಜ್ಬೆಕ್ ಶಿಖರ.

ಅಷ್ಟು ಎತ್ತರದ ದೇವಾಲಯದಿಂದ ಏನು ಪ್ರಯೋಜನವೆಂದು ಕೇಳಬಹುದು. ಶತ್ರುಗಳು ನುಗ್ಗಿದಾಗ ಹಳೆಯ ರಾಜಧಾನಿ ಮ್ತ್ಸ್ಖೇತಾದ ಭಂಡಾರವನ್ನೂ ಸಂತ ನಿನೋ ಅವರ ಶಿಲುಬೆಯನ್ನೂ ಇಲ್ಲಿಗೆ ತಂದಿಡುತ್ತಿದ್ದರೆಂದು 18ನೇ ಶತಮಾನದ ಇತಿಹಾಸಕಾರ, ರಾಜಕುವರ ವಖುಷ್ತಿ ಬರೆದಿದ್ದಾನೆ. ನಿನೋ ಎಂಬುವರು 4ನೇ ಶತಮಾನದಲ್ಲಿ ಆ ನಾಡಿಗೆ ಶುಭಸಂದೇಶ ತಂದ ಮಹಿಳೆ. ದ್ರಾಕ್ಷಿಬಳ್ಳಿಯ ಕಡ್ಡಿಗಳನ್ನು ತಮ್ಮ ತಲೆಗೂದಲಿನಿಂದಲೇ ಕಟ್ಟಿ ಆ ಶಿಲುಬೆ ಮಾಡಿದರೆಂದು ಪರಂಪರೆ. ಅದರ ಅಡ್ಡತೋಳುಗಳು ಕೆಳಕ್ಕೆ ಬಾಗಿವೆ. ಅರಸರಿಗೆ ಕೋಟೆಗಳಿದ್ದವು, ಆದರೂ ಆ ಬಳ್ಳಿಯ ಕಡ್ಡಿಗಳನ್ನು ಕಾಯಲು ಈ ಗುಡ್ಡದ ದೇವಾಲಯವೇ ಬೇಕಾಯಿತು.

ಸೋವಿಯತ್ ಆಳ್ವಿಕೆಯಲ್ಲಿ ಅಲ್ಲಿ ಆರಾಧನೆ ನಿಂತುಹೋಯಿತು. 1980ರ ದಶಕದಲ್ಲಿ ಸರ್ಕಾರದವರು ದೇವಾಲಯದ ಮಗ್ಗುಲಿನವರೆಗೆ ಕೇಬಲ್ ಕಾರು ಹಾಕಿಸಿದರು. ನನ್ನಂತಹ ಮೊಣಕಾಲುನೋವಿನವನು ದೇವರಿಗೆ ಸ್ತೋತ್ರವೆಂದು ಹತ್ತಿ ಕೂರುತ್ತಿದ್ದನೇನೋ! ಊರವರಾದರೋ ಪುಣ್ಯಸ್ಥಳ ಕೆಟ್ಟಿತೆಂದು ನೊಂದು ಅದನ್ನು ಕಿತ್ತೆಸೆದರು. ಈಗ ವಾಹನದ ರಸ್ತೆ ಮೇಲಿನವರೆಗೂ ಆಗಿದೆ. ನಡೆದೇ ಏರುವವರೂ ಇದ್ದಾರೆ. ಆರಾಧನೆ ಮರಳಿ ನಡೆಯುತ್ತಿದೆ.

ಜಾರ್ಜಿಯಾಕ್ಕೂ ನಮಗೂ ಏನು ನಂಟು? ನಮ್ಮಲ್ಲಿ ಹಲವರ ಹಿರಿಯರು ಗೋವೆಯಿಂದ ಬಂದವರಲ್ಲವೇ? 1624ರಲ್ಲಿ ಪರ್ಷಿಯಾದ ಶಿರಾಜ್ ಪಟ್ಟಣದಲ್ಲಿ, ವಿಶ್ವಾಸ ತೊರೆಯಲೊಪ್ಪದ ಜಾರ್ಜಿಯಾದ ರಾಣಿ ಕೆತೇವಾನ್ ಷಾ ಅಬ್ಬಾಸನ ಆಜ್ಞೆಯಿಂದ ಹುತಾತ್ಮರಾದರು. ಆರ್ಥೊಡಾಕ್ಸ್ ಸಭೆಯ ಆ ತಾಯಿಯ ಅಸ್ಥಿಗಳಲ್ಲಿ ಕೆಲವನ್ನು ಗೋವೆಗೆ ತಂದು ತಮ್ಮ ಮಠದಲ್ಲಿ ಇರಿಸಿದವರು ಕಥೋಲಿಕ ಅಗುಸ್ತೀನ ಸಭೆಯ ಗುರುಗಳು. ನಮ್ಮವರಲ್ಲವೆಂದು ಅವರು ಬಿಟ್ಟುಬರಲಿಲ್ಲ. ಗುರುಮಠದಲ್ಲಿ ನಾನು ಓದಿದ ಧರ್ಮಸಭಾ ಚರಿತ್ರೆಯಲ್ಲಿ 1054ರ ಒಡಕಿಗೆ ಪುಟಗಟ್ಟಲೆ ಜಾಗವಿತ್ತು. ಈ ಸಂಗತಿಗೆ ಒಂದು ಸಾಲೂ ಇರಲಿಲ್ಲ.

ಆ ಮಠ ಬಿದ್ದು ಪಾಳಾಯಿತು. 2004ರಲ್ಲಿ ಪುರಾತತ್ವ ಇಲಾಖೆಯವರಿಗೆ ಅಲ್ಲಿ ಒಂದು ಎಲುಬು ದೊರೆಯಿತು; ಅದು ರಾಣಿಯದೇ ಇರಬೇಕೆಂದು 2013ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆಯಿಂದ ತಿಳಿಸಿದರು. 2021ರ ಜುಲೈಯಲ್ಲಿ ಭಾರತ ಸರ್ಕಾರ ಅದರ ಒಂದು ಭಾಗವನ್ನು ಜಾರ್ಜಿಯಾದವರ ಕೈಗೆ ಒಪ್ಪಿಸಿತು. ಉಳಿದ ಭಾಗ ಇನ್ನೂ ನಮ್ಮ ದೇಶದಲ್ಲಿದೆ.